ನೀರಿನ ಮೇಲಿನ ಕಾಯಕ, ದಡದ ಮೇಲಿನ ಕಾಯಕ: ಕಮಲಾಪುರದ ಒಬ್ಬ ನಿವೃತ್ತ ನೌಕಾಸೈನಿಕರ ಸ್ಮರಣೆ



ಹನ್ನೆರಡನೆಯ ಶತಮಾನದ ಶರಣರಲ್ಲಿ ನಿಜಶರಣ ಅಂಬಿಗರ ಚೌಡಯ್ಯನವರು ಒಂದು ವಿಷಯದಲ್ಲಿ ವಿಶಿಷ್ಟರು. ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿಯವರು ಮೊದಲಾದವರು ತಮ್ಮ ಆರಾಧ್ಯದೈವದ ನಾಮವನ್ನು ವಚನಗಳ ಅಂಕಿತವಾಗಿ ಇರಿಸಿಕೊಂಡರೆ, ಚೌಡಯ್ಯನವರು ತಮ್ಮ ಹೆಸರನ್ನೇ, ಅದೂ ಕಾಯಕದೊಡನೆ ಸೇರಿಸಿ, ಅಂಕಿತವಾಗಿಸಿಕೊಂಡರು. ದೋಣಿ ನಡೆಸಿ ಬದುಕುವವನು ತಾನೆಂದು ಲೋಕದ ಮುಂದೆ ಎದೆ ಸೆಟೆದು ನುಡಿದ ಧೀರರು ಅವರು. ತುಂಗಭದ್ರೆಯ ದಡದ ಚೌಡದಾನಪುರ ಇಂದಿಗೂ ಅವರ ನೆನಪನ್ನು ಹೊತ್ತು ನಿಂತಿದೆ. ಅಂಬಿಗನ ಕಾಯಕಕ್ಕೆ ಒಂದು ಲಕ್ಷಣವಿದೆ. ಹಗಲೆಲ್ಲ ಎಷ್ಟು ಬಾರಿ ಹೊಳೆ ದಾಟಿದರೂ ಸಂಜೆಗೆ ಅವನು ತನ್ನ ದಡಕ್ಕೆ, ತನ್ನ ಮನೆಗೆ ಮರಳುತ್ತಾನೆ. ಕಾಯಕವೂ ಸಂಸಾರವೂ ಒಂದೇ ದಡದ ಮೇಲೆ ನೆಲೆಸಿರುತ್ತವೆ.

ಆದರೆ ಕಡಲಿಗೆ ಹೋದವನ ಮಾತೇನು? ತಿಂಗಳುಗಟ್ಟಲೆ ದಡವನ್ನೇ ಕಾಣದವನ ಸಂಸಾರದ ದಡವನ್ನು ಕಾಯುವವರಾರು? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆ, ಬದುಕಿನುದ್ದಕ್ಕೂ ಎದೆಯಲ್ಲಿ ಹೊತ್ತು ನಡೆದ ಹಿರಿಯರೊಬ್ಬರು ಕಮಲಾಪುರದಲ್ಲಿದ್ದರು. 2018ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಹೆಸರನ್ನು ಬಯಸದೆ ಬಾಳಿದವರಾದುದರಿಂದ ಇಲ್ಲಿಯೂ ಅವರ ಹೆಸರಿಲ್ಲ. ಊರಿನವರು ಅವರನ್ನು 'ಮಿಲಿಟ್ರಿ ಮುತ್ಯಾ' ಎಂದು ಕರೆಯುತ್ತಿದ್ದರು. ಮುತ್ಯಾ ಪ್ರತಿ ಸಲವೂ "ಮಿಲಿಟ್ರಿ ಅಲ್ಲಪಾ, ನೇವಿ" ಎಂದು ತಿದ್ದುತ್ತಿದ್ದರು. ಊರು ಕೊನೆಯವರೆಗೂ ತಿದ್ದಿಕೊಳ್ಳಲಿಲ್ಲ.

ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. 2018ರಲ್ಲಿ ಇದು ತಾಲೂಕು ಕೇಂದ್ರವಾಯಿತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಲ್ಲಿಯ ಕೆಂಬಾಳೆ ನಾಡಿನಲ್ಲೆಲ್ಲ ಪ್ರಸಿದ್ಧ. ಸುತ್ತಲೂ ತೊಗರಿ, ಜೋಳದ ಹೊಲಗಳು. ಬಾವಿ ನೀರು ಸಿಕ್ಕಲ್ಲಿ ಬಾಳೆಯ ತೋಟಗಳು. ಕಡಲು ಇಲ್ಲಿಂದ ನೂರಾರು ಕಿಲೋಮೀಟರು ದೂರ. 1963ರಲ್ಲಿ, ಚೀನಾ ಯುದ್ಧ ಮುಗಿದು ದೇಶವು ಸೈನ್ಯಕ್ಕೆ ತರುಣರನ್ನು ಕರೆಯುತ್ತಿದ್ದ ದಿನಗಳಲ್ಲಿ, ಹತ್ತೊಂಬತ್ತರ ಈ ಹುಡುಗ ಅಂದಿನ ಗುಲಬರ್ಗಾ ನಿಲ್ದಾಣದಿಂದ ಮುಂಬಯಿಯ ರೈಲು ಹತ್ತಿ ಹೋದರು. ಅಲ್ಲಿಯವರೆಗೆ ಅವರು ಕಂಡ ಅತಿ ದೊಡ್ಡ ನೀರು ಊರ ಕೆರೆ. ಈಜು ಕಲಿತದ್ದು ತೋಟದ ಬಾವಿಯಲ್ಲಿ, ನಡುವಿಗೆ ಸೋರೆಬುರುಡೆ ಕಟ್ಟಿಕೊಂಡು.

ವಿಶಾಖಪಟ್ಟಣದಲ್ಲಿ ಆರಂಭದ ತರಬೇತಿ, ಬಳಿಕ ಲೋಣಾವಳದ 'ಐಎನ್‌ಎಸ್ ಶಿವಾಜಿ'ಯಲ್ಲಿ ಯಂತ್ರವಿದ್ಯೆ. ಅವರಿಗೆ ದೊರೆತ ಕೆಲಸ ಸ್ಟೋಕರನದು, ಅಂದರೆ ಹಡಗಿನ ಬಾಯ್ಲರುಗಳಿಗೆ ಬೆಂಕಿ ಉಣಿಸಿ ಉಗಿ ಎಬ್ಬಿಸುವುದು. ಕೆಲವು ವರ್ಷ ಸಣ್ಣ ಹಡಗುಗಳಲ್ಲಿ ದುಡಿದು, 1969ರಲ್ಲಿ ಅವರು ವಿಮಾನವಾಹಕ ನೌಕೆ 'ವಿಕ್ರಾಂತ್'ಗೆ ಬಂದರು. 1961ರಲ್ಲಿ ನೌಕಾಪಡೆಗೆ ಸೇರಿದ ಆ ಹಡಗು ದೇಶದ ಹೆಮ್ಮೆ. ಅದರ ಮೇಲಟ್ಟದಿಂದ ವಿಮಾನಗಳು ಹಾರುವುದನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ಆ ಅಟ್ಟದ ಕೆಳಗೆ, ನೀರಿನ ಮಟ್ಟಕ್ಕಿಂತಲೂ ಕೆಳಗೆ, ನಾಲ್ಕು ಬಾಯ್ಲರುಗಳ ನಡುವೆ ಬೆವರು ಸುರಿಸುತ್ತಿದ್ದವರನ್ನು ನೋಡಿದವರು ಕಡಿಮೆ. ಮುತ್ಯಾ ನಗುತ್ತ ಹೇಳುತ್ತಿದ್ದ ಮಾತೊಂದಿದೆ: ಹದಿನೈದು ವರ್ಷ ಕಡಲಿನಲ್ಲಿದ್ದೆ, ಆದರೆ ಕೆಲಸದ ಹೊತ್ತಿನಲ್ಲಿ ಕಡಲು ಕಣ್ಣಿಗೆ ಬೀಳಲೇ ಇಲ್ಲ.

ಆ ಕೋಣೆಯಲ್ಲಿ ನಾಲ್ಕು ನಾಲ್ಕು ತಾಸಿನ ಪಾಳಿ. ನೌಕಾಪಡೆಯ ಮಾತಿನಲ್ಲಿ ಅದಕ್ಕೆ 'ವಾಚ್' ಎನ್ನುತ್ತಾರೆ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ ಕಣ್ಣು ನೆಟ್ಟಿರಬೇಕು. ಮಟ್ಟ ಇಳಿದರೆ ಬಾಯ್ಲರ್ ಸುಟ್ಟುಹೋಗುತ್ತದೆ, ಏರಿದರೆ ಉಗಿಯೊಡನೆ ನೀರು ಸೇರಿ ಯಂತ್ರ ಒಡೆಯುತ್ತದೆ. ಪ್ರತಿ ತಾಸಿಗೂ ಒತ್ತಡ, ಉಷ್ಣತೆ, ನೀರು ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ತಂದೆ ಕೊಡಿಸಿದ ಬೆಳ್ಳಿಯ ಕರಡಿಗೆ ಆ ಧಗೆಗೆ ಎದೆಯ ಮೇಲೆ ಕಾದು ಸುಡುತ್ತಿತ್ತಂತೆ. ಅದನ್ನು ತೆಗೆದಿರಿಸಲು ಮನಸ್ಸೊಪ್ಪದೆ, ಇಷ್ಟಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಂಡು ಅವರು ಪಾಳಿಗೆ ಇಳಿಯುತ್ತಿದ್ದರು. ಪೂಜೆಗೆ ದೊರೆಯುತ್ತಿದ್ದುದು ಅರ್ಧ ಲೋಟ ಸಿಹಿನೀರು. ಏಕೆಂದರೆ ಉಗಿಯ ಹಡಗಿನಲ್ಲಿ ಸಿಹಿನೀರಿನ ಮೊದಲ ಹಕ್ಕು ಬಾಯ್ಲರಿನದು, ಮನುಷ್ಯರದು ಆಮೇಲೆ.

ಇಲ್ಲಿ ಚಿಂತನೆಗೆ ಯೋಗ್ಯವಾದ ಒಂದು ಸಂಗತಿಯಿದೆ. ಹಡಗಿನ ಸುತ್ತಲೂ ನೀರೇ ನೀರು. ಆದರೂ ಆ ಉಪ್ಪುನೀರು ಬಾಯ್ಲರಿನೊಳಗೆ ಸೇರಿದರೆ ಕೊಳವೆಗಳಲ್ಲಿ ಹರಳುಗಟ್ಟಿ, ಲೋಹ ತಿಂದು, ಹಡಗನ್ನೇ ನಿಲ್ಲಿಸಿಬಿಡುತ್ತದೆ. ಆದುದರಿಂದ ಕಡಲನೀರನ್ನು ಕಾಯಿಸಿ, ಆವಿಯಾಗಿಸಿ, ತಣಿಸಿ, ಶುದ್ಧಗೊಳಿಸಿಯೇ ಒಳಗೆ ಬಿಡುತ್ತಾರೆ. ಸಂಸಾರದ ನಡುವೆಯೇ ಇದ್ದು ಅದರ ಉಪ್ಪನ್ನು ಒಳಗೆ ಬಿಟ್ಟುಕೊಳ್ಳದ ಎಚ್ಚರವನ್ನೇ ಶರಣರು ಸಾಧನೆ ಎಂದರು. ಸಂಸಾರವನ್ನು ತೊರೆಯಿರೆಂದು ಅವರು ಬೋಧಿಸಲಿಲ್ಲ. ಕಡಲಿಲ್ಲದೆ ಹಡಗಿಲ್ಲ, ಕಡಲು ಒಳಹೊಕ್ಕರೆ ಆಗಲೂ ಹಡಗಿಲ್ಲ.

1971ರ ಯುದ್ಧ ಬಂದಾಗ 'ವಿಕ್ರಾಂತ್' ಆರೋಗ್ಯವಾಗಿರಲಿಲ್ಲ. ಬಾಯ್ಲರಿನಲ್ಲಿ ಬಿರುಕು ಕಾಣಿಸಿಕೊಂಡು, ಪೂರ್ಣವೇಗದಲ್ಲಿ ಸಾಗಲು ಹಡಗು ಅಸಮರ್ಥವಾಗಿತ್ತು. ಇಂಥ ಹಡಗನ್ನು ಯುದ್ಧಕ್ಕೆ ಕಳಿಸಬೇಕೇ ಬೇಡವೇ ಎಂದು ಹಿರಿಯ ಅಧಿಕಾರಿಗಳೇ ಚಿಂತಿಸಬೇಕಾಯಿತು. ಕೊನೆಗೆ ಅದನ್ನು ಬಂಗಾಳಕೊಲ್ಲಿಗೆ ಕಳಿಸಿದರು. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅದರ ನಾಯಕರು. ಡಿಸೆಂಬರ್ 4ರಂದು ಅದರ ಸೀಹಾಕ್ ವಿಮಾನಗಳು ಕಾಕ್ಸ್‌ಬಜಾರಿನ ಮೇಲೆ ದಾಳಿ ಮಾಡಿದವು. ಮುಂದೆ ಚಿತ್ತಗಾಂಗಿನ ಮೇಲೆಯೂ. ಆ ವಿಮಾನಗಳನ್ನು ಅಟ್ಟದಿಂದ ಎಸೆಯುತ್ತಿದ್ದುದು ಕ್ಯಾಟಪಲ್ಟ್ ಎಂಬ ಉಗಿಚಾಲಿತ ಕವಣೆ. ಆ ಉಗಿ ಬರುತ್ತಿದ್ದುದು ಕೆಳಗಿನ ಬಾಯ್ಲರುಗಳಿಂದ. ಬಿರುಕು ಬಿಟ್ಟ ಬಾಯ್ಲರಿನ ಹಡಗಿನಲ್ಲಿ, ಯಾವ ಕ್ಷಣ ಏನಾದೀತೋ ಎಂಬ ಅರಿವಿನೊಡನೆಯೇ ಸ್ಟೋಕರುಗಳು ಪಾಳಿ ಮಾಡಿದರು. ಮೇಲೆ ಧಡಾರೆಂಬ ಸದ್ದು ಕೇಳಿದಾಗ ಒಂದು ವಿಮಾನ ಹೋಯಿತೆಂದು ತಿಳಿಯುತ್ತಿತ್ತು. ಅದು ಎಲ್ಲಿಗೆ ಹೋಯಿತು, ಮರಳಿ ಬಂದಿತೇ ಎಂಬುದು ಪಾಳಿ ಮುಗಿಸಿ ಮೇಲೆ ಹತ್ತಿದ ಬಳಿಕವೇ ತಿಳಿಯುತ್ತಿತ್ತು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಯಿತು.

ಪಶ್ಚಿಮದ ಕಡಲಿನಲ್ಲಿ ಅದೇ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ನಡೆಯಿತು. ಪ್ರತಿವರ್ಷ ಅಂದು ನೌಕಾಪಡೆಯ ದಿನವನ್ನು ಆಚರಿಸುವುದು ಇದೇ ಕಾರಣಕ್ಕೆ. ಆ ದಾಳಿಯಲ್ಲಿ 'ಕಿಲ್ತಾನ್' ನೌಕೆಯನ್ನು ನಡೆಸಿದ ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲರಾವ್ ಅವರಿಗೆ ಮಹಾವೀರ ಚಕ್ರ ಸಂದಿತು. ಗಡಿನಾಡಿನ ಊರನ್ನು ಹೆಸರಿನಲ್ಲೇ ಹೊತ್ತ ಆ ವೀರರು 2021ರ ಆಗಸ್ಟ್‌ನಲ್ಲಿ, 94ರ ವಯಸ್ಸಿನಲ್ಲಿ ನಿಧನರಾದರು. ಆದರೆ ಯುದ್ಧಕ್ಕೆ ಇನ್ನೊಂದು ಮುಖವೂ ಇದೆ. ಡಿಸೆಂಬರ್ 9ರ ರಾತ್ರಿ ದಿಯು ಬಳಿ 'ಖುಕ್ರಿ' ನೌಕೆಯು ಶತ್ರು ಜಲಾಂತರ್ಗಾಮಿಯ ಟಾರ್ಪೆಡೊಗೆ ಸಿಕ್ಕಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಡನೆಯೇ ಹೋದರು. ಮುತ್ಯಾನ ಜೊತೆ ತರಬೇತಿಯಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನೊಬ್ಬ ಆ ಹಡಗಿನ ಯಂತ್ರದ ಕೋಣೆಯಲ್ಲಿದ್ದ. ಕೆಳಗಿದ್ದವರಿಗೆ ಮೇಲೆ ಹತ್ತಲು ಎಷ್ಟು ಹೊತ್ತು ಬೇಕೆಂಬುದು ಮುತ್ಯಾನಿಗೆ ಮೆಟ್ಟಿಲುಗಳ ಲೆಕ್ಕದಲ್ಲಿ ತಿಳಿದಿತ್ತು. ಆದುದರಿಂದ ಡಿಸೆಂಬರ್ 4ರಂದು ಶಾಲೆಯವರು ಸನ್ಮಾನಕ್ಕೆ ಕರೆದರೆ ಹೋಗುತ್ತಿರಲಿಲ್ಲ. 9ರಂದು ಮಾತ್ರ ಹಗಲಿಡೀ ಮೌನವಾಗಿರುತ್ತಿದ್ದರು. ಮನೆಯವರು ಕಾರಣ ಕೇಳುವುದನ್ನು ಬಿಟ್ಟಿದ್ದರು.

ಇಷ್ಟು ನೀರಿನ ಮೇಲಿನ ಕಾಯಕದ ಮಾತಾಯಿತು. ಇನ್ನು ದಡದ ಮಾತು.

1967ರಲ್ಲಿ ಅವರ ವಿವಾಹವಾಯಿತು. ವಧುವಿಗೆ ಅಕ್ಷರ ಬರುತ್ತಿರಲಿಲ್ಲ. ಅತ್ತೆ ಮಾವ, ಇಬ್ಬರು ನಾದಿನಿಯರು, ಮುಂದೆ ಮೂವರು ಮಕ್ಕಳು, ನಾಲ್ಕು ಎಕರೆ ಹೊಲ, ಎರಡು ಆಕಳು ಎಲ್ಲವೂ ಆ ತಾಯಿಯ ಪಾಲಿಗೆ ಬಂದವು. ಗಂಡನ ಪತ್ರಗಳನ್ನು ಶಾಲೆಯ ಮಾಸ್ತರರು ಓದಿ ಹೇಳಬೇಕು, ಉತ್ತರವನ್ನೂ ಅವರೇ ಬರೆಯಬೇಕು. ಹೆಂಡತಿಯು ಗಂಡನಿಗೆ ಹೇಳಬೇಕಾದ ಮಾತನ್ನು ಪರಪುರುಷನೆದುರು ಹೇಗೆ ಹೇಳಿಯಾಳು? ಎರಡು ವರ್ಷ ಹಾಗೆಯೇ ಕಳೆದವು. ಬಳಿಕ ಆಕೆ ತಾನಾಗಿಯೇ, ಹೊರೆಗೆಲಸ ಮುಗಿದ ರಾತ್ರಿಗಳಲ್ಲಿ, ನಾದಿನಿಯ ಪುಸ್ತಕ ಹಿಡಿದು ಅಕ್ಷರ ಕಲಿತರು. ಸ್ವಂತ ಕೈಯಿಂದ ಬರೆದ ಮೊದಲ ಇನ್‌ಲ್ಯಾಂಡ್ ಪತ್ರದಲ್ಲಿ ನಾಲ್ಕೇ ವಾಕ್ಯಗಳಿದ್ದವು: "ಮಳಿ ಆಗ್ಯದ. ಆಕಳ ಕರ ಹಾಕ್ಯದ. ಕೂಸಿಗಿ ಹಲ್ಲ ಬಂದಾವ. ನೀವು ಯಾವಾಗ ಬರ್ತೀರಿ." ಆ ಪತ್ರವನ್ನು ಮುತ್ಯಾ ತಮ್ಮ ಕಪ್ಪು ಟ್ರಂಕಿನ ತಳದಲ್ಲಿ ಕೊನೆಯವರೆಗೂ ಇಟ್ಟುಕೊಂಡಿದ್ದರು.

1973ರಲ್ಲಿ ಅವರ ತಂದೆ ತೀರಿಕೊಂಡರು. ಹಡಗು ಕಡಲಿನಲ್ಲಿತ್ತು. ತಂತಿಯ ಸುದ್ದಿ ಅವರ ಕೈಸೇರಿದಾಗ ಮೂರನೆಯ ವಾರ. ಅವರು ಬರುವಷ್ಟರಲ್ಲಿ ಸಮಾಧಿಯ ಮೇಲೆ ಹುಲ್ಲು ಚಿಗುರಿತ್ತು. ಕೊನೆಯ ನೀರು ಬಿಟ್ಟವರು, ಸಮಾಧಿಗೆ ಮಣ್ಣು ಹಾಕಿಸಿದವರು, ಬಂದವರಿಗೆ ಪ್ರಸಾದದ ವ್ಯವಸ್ಥೆ ಮಾಡಿದವರು, ಸಾಲ ಕೇಳಿ ತಂದವರು ಎಲ್ಲವೂ ಸೊಸೆಯೇ. ಮಗನು ಮಾಡಬೇಕಾದುದನ್ನು ಸೊಸೆ ಮಾಡಿದಳೆಂದು ಊರು ಹೊಗಳಿತು. ಆ ಹೊಗಳಿಕೆ ಮಗನ ಎದೆಗೆ ಮುಳ್ಳಾಗಿ ನೆಟ್ಟಿತು.

1978ರಲ್ಲಿ ಹದಿನೈದು ವರ್ಷಗಳ ಸೇವೆ ಮುಗಿಸಿ, ಪೆಟಿ ಆಫೀಸರ್ ಆಗಿ, ಪಿಂಚಣಿಯೊಡನೆ ಅವರು ಮನೆಗೆ ಬಂದರು. ಅದೇ ವರ್ಷ ಮುಂಬಯಿಯಿಂದ ಒಂದು ಕರೆ ಬಂತು. ವ್ಯಾಪಾರಿ ಹಡಗೊಂದರಲ್ಲಿ ಯಂತ್ರದ ಕೆಲಸ. ನೌಕಾಪಡೆಯ ಸಂಬಳದ ಮೂರು ಪಟ್ಟು. ಮನೆಯ ಗೋಡೆ ಅರ್ಧಕ್ಕೆ ನಿಂತಿತ್ತು, ತಂದೆಯ ಅಂತ್ಯಕ್ರಿಯೆಯ ಸಾಲ ಇನ್ನೂ ಉಳಿದಿತ್ತು. ಅವರು ಟ್ರಂಕನ್ನು ಮತ್ತೆ ತೆರೆದರು. ಆಗ ಆ ತಾಯಿ ಆಡಿದ ಮಾತು ಇಷ್ಟು: "ರೊಕ್ಕ ಸಾಕ್ರೀ. ಮಕ್ಕಳಿಗಿ ನಿಮ್ಮ ಮನಿಯಾರ್ಡರ್ ಗೊತ್ತದ, ನಿಮ್ಮ ಮಾರಿ ಗೊತ್ತಿಲ್ಲ."

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ತಿಳಿಯದವರಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಪಾಲೆಂದು ಗಂಡನಿಗೆ ತಿಳಿಹೇಳಿ, ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಕಳಿಸಿದರು. ಈ ಪ್ರಸಂಗವನ್ನು ವಿವರಿಸುವಾಗ ಮಿತಿಯ ಪಾಠವನ್ನು ಮಾತ್ರ ಹೇಳಿ ಮುಗಿಸುವುದುಂಟು. ಆದರೆ ಇದರಲ್ಲಿ ಇನ್ನೊಂದು ಅಂಶವಿದೆ. ಮಾರಯ್ಯನವರು ಹೆಚ್ಚು ಆಯಲು ಹೆಚ್ಚು ಹೊತ್ತು ಹೊರಗಿದ್ದಿರಬೇಕು. ಹೆಚ್ಚಿನ ಅಕ್ಕಿಯೆಂದರೆ ಮನೆಗೆ ಸಲ್ಲಬೇಕಾದ ಹೊತ್ತಿನಿಂದ ಕಳೆದ ಹೊತ್ತು ಕೂಡ. ಕಮಲಾಪುರದ ಆ ತಾಯಿ ಲಕ್ಕಮ್ಮನವರ ವಚನಗಳನ್ನು ಓದಿದವರಲ್ಲ. ಆದರೂ ಅದೇ ತಕ್ಕಡಿ ಹಿಡಿದು ಸಂಬಳವನ್ನೂ ಮಕ್ಕಳ ಬಾಲ್ಯವನ್ನೂ ತೂಗಿದರು. ಮುತ್ಯಾ ಟ್ರಂಕು ಮುಚ್ಚಿದರು.

ಹಾಗೆಂದು ಮರುದಿನದಿಂದಲೇ ಆ ಮನೆ ನಂದಗೋಕುಲವಾಯಿತೆಂದು ಹೇಳಿದರೆ ಸುಳ್ಳಾದೀತು. ಕಿರಿಯ ಮಗ ಮೂರು ವರ್ಷದವನು. ಅಪರಿಚಿತರು ಬಂದಂತೆ ತಾಯಿಯ ಸೆರಗಿನ ಹಿಂದೆ ಅಡಗುತ್ತಿದ್ದ. ಮುತ್ಯಾ ಬೆಳಗಿನ ಐದಕ್ಕೆ ಎಲ್ಲರನ್ನೂ ಎಬ್ಬಿಸುತ್ತಿದ್ದರು, ಹಾಸಿಗೆಯ ಮಡಿಕೆ ನೇರವಿಲ್ಲದಿದ್ದರೆ ಮತ್ತೆ ಬಿಚ್ಚಿಸಿ ಮಡಿಸಲು ಹೇಳುತ್ತಿದ್ದರು, ನೀರಿನ ಹನಿ ವ್ಯರ್ಥವಾದರೆ ಗದರುತ್ತಿದ್ದರು. ಒಂದು ದಿನ ಆಕೆ ನೇರವಾಗಿಯೇ ಹೇಳಿದರು: "ಇದು ಹಡಗ ಅಲ್ರೀ, ಮನಿ ಅದ. ಇಲ್ಲಿ ಯಾರೂ ನಿಮ್ಮ ಕೈಕೆಳಗಿಲ್ಲ." ಕೇಳಿದವರಿಗೆ ಸಿಟ್ಟು ಬರಬೇಕಾಗಿತ್ತು. ಅವರಿಗೂ ಬಂತು. ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಎದ್ದು ಒಲೆ ಹೊತ್ತಿಸಿ ಮಕ್ಕಳ ಸ್ನಾನಕ್ಕೆ ನೀರು ಕಾಯಿಸಿದರು. ಬೆಂಕಿ ಹೊತ್ತಿಸಿ ನೀರು ಕಾಯಿಸುವುದು ಅವರಿಗೆ ಬಲ್ಲ ಕಾಯಕವೇ ಆಗಿತ್ತು. ಅಂದಿನಿಂದ ಆ ಮನೆಯ ಹಂಡೆಯ ಹೊಣೆ ಅವರದಾಯಿತು.

ಜೀವನಕ್ಕೆ ಹೊಲವಿತ್ತು, ಪಿಂಚಣಿಯಿತ್ತು. ಊರಿನ ಬಾಳೆಯ ತೋಟಗಳಲ್ಲಿ ಆಗಷ್ಟೇ ಪಂಪ್‌ಸೆಟ್ಟುಗಳು ಹೆಚ್ಚಾಗುತ್ತಿದ್ದವು. ಕೆಟ್ಟರೆ ಕಲಬುರಗಿಯಿಂದ ಮೇಸ್ತ್ರಿ ಬರಬೇಕು, ಅಷ್ಟರಲ್ಲಿ ಬೇಸಿಗೆಯ ಬಾಳೆ ಬಾಡುತ್ತದೆ. ಮುತ್ಯಾ ಒಂದು ಚೀಲದಲ್ಲಿ ಪಾನಾ, ಗ್ರೀಸು, ಹಳೆಯ ಬೇರಿಂಗುಗಳನ್ನು ಹಾಕಿಕೊಂಡು ಸೈಕಲ್ ಏರಿ ಹೊರಡುತ್ತಿದ್ದರು. ಬಿಡಿಭಾಗದ ಬೆಲೆ ಬಿಟ್ಟು ಕೂಲಿ ಪಡೆಯುತ್ತಿರಲಿಲ್ಲ. ಕೊಟ್ಟರೆ ಒಂದು ಚಿಪ್ಪು ಕೆಂಬಾಳೆ ಪಡೆದು, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಹಂಚಿ, ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು. ತಮಗಿಂತ ಬಡವರ, ತಮಗಿಂತ ಸಿರಿವಂತರ, ಯಾವ ಜಾತಿಯವರ ಬಾವಿಯೆಂದು ಅವರು ನೋಡಲಿಲ್ಲ. ಹಡಗಿನ ಕೋಣೆಯಲ್ಲಿ ಪಂಜಾಬಿನವನು, ಮಲಯಾಳದವನು, ಬಂಗಾಳದವನು ಒಂದೇ ಬೆವರಿನಲ್ಲಿ ನೆನೆದಿದ್ದರು. ಆ ಸಮತೆಯನ್ನು ಊರಿಗೆ ಬಂದು ಕಳಚಿಡುವುದು ಅವರಿಗೆ ಆಗಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ಹುಡುಗರಲ್ಲಿ ಕೆಲವರು ಇಂದು ಸ್ವಂತ ಅಂಗಡಿಯಿಟ್ಟು ಬಾಳುತ್ತಿದ್ದಾರೆ.

2006ರಲ್ಲಿ ಆ ತಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಕ್ಷರ ಕಲಿತ ಕೈಯೇ ನಿಂತುಹೋಯಿತು. ಮಕ್ಕಳು ದಾದಿಯೊಬ್ಬರನ್ನು ಗೊತ್ತುಮಾಡುತ್ತೇವೆಂದರು. ಮುತ್ಯಾ ಒಪ್ಪಲಿಲ್ಲ. ಒಂದು ಉದ್ದನೆಯ ನೋಟುಪುಸ್ತಕ ತರಿಸಿ ಅದಕ್ಕೆ ಗೆರೆ ಹಾಕಿದರು: ವೇಳೆ, ಔಷಧಿ, ಆಹಾರ, ನೀರು, ಮಗ್ಗುಲು ಬದಲಿಸಿದ್ದು. ಹಾಸಿಗೆ ಹಿಡಿದವರಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆದುದರಿಂದ ಹಗಲು ಸೊಸೆಯೂ ಮಕ್ಕಳೂ ನೋಡಿಕೊಂಡರೆ, ರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ಪಾಳಿ ಅವರದು. ಹಡಗಿನಲ್ಲಿ ಎಲ್ಲರೂ ಅಂಜುವ ಪಾಳಿ ಅದೇ, 'ಮಿಡ್ಲ್ ವಾಚ್'. ಆರು ವರ್ಷ ಅವರು ಆ ಪಾಳಿಯನ್ನು ಬಿಡಲಿಲ್ಲ. ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. 1963ರಿಂದ ಬರೆಯುತ್ತ ಬಂದ ದಾಖಲೆ ಪುಸ್ತಕಗಳೆಲ್ಲ ಸರಕಾರದ ಪಾಲಾಗಿದ್ದವು. ಮನೆಗಾಗಿ ಬರೆದದ್ದು ಇದೊಂದೇ. 2012ರಲ್ಲಿ ಆಕೆ ಲಿಂಗೈಕ್ಯರಾದ ರಾತ್ರಿಯ ಪುಟದಲ್ಲಿ ಮೂರು ಗಂಟೆ ಹತ್ತು ನಿಮಿಷ ಎಂದು ವೇಳೆ ಬರೆದಿದೆ. ಮುಂದಿನ ಅಂಕಣಗಳು ಖಾಲಿಯಿವೆ.

ತಂದೆಯ ಕೊನೆಯ ಗಳಿಗೆಗೆ ಇರಲಾಗದವರು ಮಡದಿಯ ಕೊನೆಯ ಗಳಿಗೆಗೆ ಎಚ್ಚರವಾಗಿದ್ದರು. ಇದರಿಂದ ಹಳೆಯದು ತೀರಿತೇ? ಸಾಲ ತೀರಿಸುವ ಲೆಕ್ಕ ಸಂಸಾರದಲ್ಲಿ ಹೊಂದುವುದಿಲ್ಲ. ಅವರ ಹಿರಿಯ ಮಗಳು ತಂದೆಯ ಸ್ಮರಣೆಯ ದಿನ ಹೇಳಿದ ಮಾತು ಹೆಚ್ಚು ಸತ್ಯವಾದುದು: ತಾನು ಹುಟ್ಟಿ ಒಂಬತ್ತು ವರ್ಷ ಅಪ್ಪ ಮನೆಯಲ್ಲಿರಲಿಲ್ಲ, ಆ ಒಂಬತ್ತು ವರ್ಷ ಮರಳಿ ಬರಲಿಲ್ಲ, ಆದರೆ ಬಂದ ಮೇಲೆ ಅಪ್ಪ ಮತ್ತೆ ಹೋಗಲಿಲ್ಲ.

'ವಿಕ್ರಾಂತ್' 1997ರಲ್ಲಿ ಸೇವೆಯಿಂದ ನಿವೃತ್ತವಾಗಿ, ಕೆಲಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯಲು ಹೋಯಿತು. ಅದರ ಲೋಹವನ್ನು ಬಳಸಿ 2016ರಲ್ಲಿ ಬಜಾಜ್ ಕಂಪನಿ 'ವಿ' ಎಂಬ ಮೋಟಾರುಸೈಕಲನ್ನು ತಂದಿತು. ಮೊಮ್ಮಗನೊಬ್ಬ ಅದನ್ನು ಕೊಂಡು ಅಜ್ಜನ ಮುಂದೆ ನಿಲ್ಲಿಸಿದ. ಮುತ್ಯಾ ಟ್ಯಾಂಕಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತು, "ಎಣ್ಣಿ ಟೈಮಿಗಿ ಬದಲಸು" ಎಂದಷ್ಟೇ ಹೇಳಿದರು. ಅದೇ ಹೆಸರಿನ ಹೊಸ ನೌಕೆ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿತು. ಅದನ್ನು ಕಾಣಲು ಅವರಿರಲಿಲ್ಲ.

ಸೈನಿಕರನ್ನು ನೆನೆಯುವಾಗ ಪದಕಗಳನ್ನು ಎಣಿಸುವುದು ಲೋಕದ ರೂಢಿ. ಎಣಿಸಬೇಕಾದುದೇ. ಆದರೆ ಬಾಯ್ಲರ್ ಕೋಣೆಯವನಿಗೆ ಪದಕದ ಹೊತ್ತು ಬರುವುದು ವಿರಳ. ಅವನ ಮನೆಯ ದಡ ಕಾಯ್ದವಳಿಗಂತೂ ಪದಕವೆಂಬುದೇ ಇಲ್ಲ. ಶರಣರ ಕಾಯಕ ತತ್ತ್ವಕ್ಕೆ ಇಂಥವರನ್ನು ಕಾಣುವ ಕಣ್ಣಿದೆ. ಅದು ಕೆಲಸದ ಎತ್ತರವನ್ನು ನೋಡದೆ ಅದರೊಳಗಿನ ನಿಷ್ಠೆಯನ್ನು ನೋಡುತ್ತದೆ; ಗಂಡನ ಕಾಯಕವನ್ನು ಹೇಳುವಾಗ ಹೆಂಡತಿಯ ನುಡಿಯನ್ನೂ ಉಳಿಸಿಕೊಳ್ಳುತ್ತದೆ. ಮಾರಯ್ಯನವರ ವಚನಗಳ ಪಕ್ಕದಲ್ಲಿ ಲಕ್ಕಮ್ಮನವರ ವಚನಗಳೂ ನಮಗೆ ದೊರೆತಿರುವುದು ಆ ಕಣ್ಣಿನ ಫಲ. ಹದಿನೈದು ವರ್ಷ ಒಬ್ಬರು ನೀರಿನ ಮೇಲೆ ಪಾಳಿ ಮಾಡಿದರು, ಅದರಲ್ಲಿ ಹನ್ನೊಂದು ವರ್ಷ ಇನ್ನೊಬ್ಬರು ದಡದ ಮೇಲೆ ಪಾಳಿ ಮಾಡಿದರು. ಆ ಇಬ್ಬರದೂ ಒಂದೇ ಕಾಯಕ. ಇದನ್ನು ಎಲ್ಲರಿಗಿಂತ ಮೊದಲು ಅರಿತವರು ಮುತ್ಯಾ ಅವರೇ. ಆದುದರಿಂದಲೇ ಅವರನ್ನು ಒಬ್ಬರನ್ನೇ ನೆನೆದರೆ ಆ ನೆನಪು ಅವರಿಗೂ ಒಪ್ಪಿಗೆಯಾಗದು.

ಆ ದಂಪತಿಗಳಿಗೆ ಶರಣು ಶರಣಾರ್ಥಿಗಳು.